ಎಣ್ಣೆ ಬಾಯ್ಲರಿಗೆ ತುಕ್ಕು ಬರುವುದು ಹೇಗೆ, ತಡೆಯುವುದು ಹೇಗೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಅರಿಶಿನ ಬೆಳೆಗಾರರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದ ಮೇಲೆ ಸಂಘ ಬೆಳೆದು ಬಂದ ದಾರಿ ಹೇಳಬೇಕು, ಹಿಂದಿನ ಅಧ್ಯಕ್ಷರನ್ನು ನೆನೆಯಬೇಕು. ಅದನ್ನೆಲ್ಲ ನಮಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಕೂತಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಬಾಯ್ಲರಿನದು. ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ನಿಂತಿತು. ಇಂಜಿನಿಯರ್ ಹೇಳಬೇಕಾದ ಮಾತನ್ನು ನಾವು ಯಾಕೆ ಹೇಳ್ತಾ ಇದ್ದೀವಿ ಅಂದರೆ, ಈ ಬಾಯ್ಲರಿನ ವಿಚಾರದಲ್ಲಿ ಸಂಘದ ದುಡ್ಡು, ಅಂದರೆ ನಿಮ್ಮ ಷೇರಿನ ದುಡ್ಡು, ಹೋಗುವುದೋ ಉಳಿಯುವುದೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ತೀರ್ಮಾನ ಮಾಡಬೇಕಾದವರು ನೀವು.

ವಿಷಯ ಇಷ್ಟು. ನಮ್ಮ ಕಡೆ ಅರಿಶಿನ ಬೇಯಿಸುವುದಕ್ಕೆ ಕೊಪ್ಪರಿಗೆ ಹೋಗಿ ಹಬೆ ಬಂದು ಬಹಳ ದಿನ ಆಯಿತು. ಕೊಪ್ಪರಿಗೆಯಲ್ಲಿ ತಳದ ಗೆಡ್ಡೆ ಕರಗುತ್ತಿತ್ತು, ಮೇಲಿನದು ಹಸಿ ಉಳಿಯುತ್ತಿತ್ತು, ಸೌದೆ ನೀರು ಎರಡೂ ಹೆಚ್ಚು ಬೇಕಿತ್ತು. ಹಬೆಯಲ್ಲಿ ಬೆಂದ ಗೆಡ್ಡೆ ಒಂದೇ ಸಮ ಬೇಯುತ್ತದೆ, ಬೇಗ ಒಣಗುತ್ತದೆ, ಈರೋಡ್ ಮಾರ್ಕೆಟ್ಟಿನಲ್ಲಿ ಬಣ್ಣ ನೋಡಿ ಬೆಲೆ ಕಟ್ಟುವವರ ಮುಂದೆ ನಿಲ್ಲುತ್ತದೆ. ಆದರೆ ಹಬೆ ಬಾಯ್ಲರ್ ಬಾಡಿಗೆಗೆ ತರುವವರಿಗೆ ಸರದಿ ಸಿಗುವುದು ಕಷ್ಟ. ಕಿತ್ತ ಅರಿಶಿನ ಕಣದಲ್ಲಿ ಕಾಯುವುದಿಲ್ಲ. ಅದಕ್ಕೇ ಸಂಘದಿಂದಲೇ ಒಂದು ಬಾಯ್ಲರ್ ಕೊಂಡು ಸದಸ್ಯರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು ಅಂತ ಬಹಳ ಜನ ಕೇಳಿದರು. ಸರಿಯಾದ ಬೇಡಿಕೆಯೇ.

ಅಷ್ಟು ಹೊತ್ತಿಗೆ ಮುಚ್ಚಿಹೋದ ಒಂದು ಕಾರ್ಖಾನೆಯ ಬಾಯ್ಲರ್ ಮಾರಾಟಕ್ಕಿದೆ ಅಂತ ಸುದ್ದಿ ಬಂತು. ಫರ್ನೇಸ್ ಆಯಿಲ್ ಉರಿಸುವ ಬಾಯ್ಲರ್. ಗಂಟೆಗೆ 600 ಕಿಲೋ ಹಬೆ ಕೊಡುತ್ತದೆ. ಹೊಸದರ ಬೆಲೆಯ ಮೂರನೇ ಒಂದು ಪಾಲಿಗೆ ಕೊಡ್ತೀವಿ ಅಂದರು. ಹೊರಗೆ ಬೆಳ್ಳಿ ಬಣ್ಣ ಬಳಿದು ಮದುವಣಗಿತ್ತಿ ಹಾಗೆ ನಿಲ್ಲಿಸಿದ್ದರು. ನಮ್ಮಲ್ಲೇ ಕೆಲವರು, "ಪುಗಸಟ್ಟೆ ಬಂದಂಗದ ಕನಪ್ಪ, ಬುಡಬ್ಯಾಡಿ" ಅಂದರು. ಬಿಡಬಾರದೋ ಬಿಡಬೇಕೋ ಅಂತ ನೋಡುವುದಕ್ಕೆ ನಾವು ಮೂವರು ನಿರ್ದೇಶಕರು ಹೋದೆವು. ಜೊತೆಗೆ ಪಕ್ಕದ ಊರಿನ ಒಬ್ಬರು ಹಿರಿಯರನ್ನು ಕರೆದುಕೊಂಡು ಹೋದೆವು. ವರಸೆಯಲ್ಲಿ ನಮಗೆ ಮಾವ ಆಗಬೇಕು. ಮೂವತ್ತು ವರ್ಷ ಬಾಯ್ಲರ್ ಅಟೆಂಡೆಂಟ್ ಆಗಿ ದುಡಿದು ನಿವೃತ್ತರಾದವರು. ಇವತ್ತು ನಾವು ಹೇಳುವುದರಲ್ಲಿ ಅರ್ಧ ಅವರು ಕಲಿಸಿದ್ದು, ಉಳಿದರ್ಧ ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದು.

ಬಾಯ್ಲರ್ ಅನ್ನುವುದು ನಮ್ಮ ಸೀಮೆಗೆ ಹೊಸದೇನಲ್ಲ. ಚಾಮರಾಜನಗರ, ಸಂತೇಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲದಲ್ಲಿ ಸರ್ಕಾರಿ ರೇಷ್ಮೆ ಫಿಲೇಚರುಗಳು ನಡೆಯುತ್ತಿದ್ದ ಕಾಲದಲ್ಲಿ ಗೂಡು ಬೇಯಿಸುವುದಕ್ಕೆ ಹಬೆಯೇ ಬೇಕಿತ್ತು. ಹಾಲು ಕಾಯಿಸುವ ಡೇರಿಗೂ ಹಬೆ ಬೇಕು, ಆಸ್ಪತ್ರೆಗೂ ಬೇಕು. ಕಬ್ಬಿಣದ ಪಾತ್ರೆ, ಒಳಗೆ ನೀರು, ಹೊರಗೆ ಬೆಂಕಿ. ಇಷ್ಟೇ ಬಾಯ್ಲರ್. ನಾವು ನೋಡಿದ ಜಾತಿಯ ಬಾಯ್ಲರಿನಲ್ಲಿ ಮಾತ್ರ ಬೆಂಕಿಯೂ ಹೊಗೆಯೂ ಕೊಳವೆಗಳ ಒಳಗೆ ಹಾಯುತ್ತವೆ, ಕೊಳವೆಗಳ ಸುತ್ತ ನೀರು ನಿಂತಿರುತ್ತದೆ. ಹೀಗಾಗಿ ಒಂದೇ ಕೊಳವೆಗೆ ಎರಡು ಕಡೆಯಿಂದ ತುಕ್ಕು ಬರಬಹುದು, ಹೊಗೆಯ ಕಡೆಯಿಂದ ಒಂದು, ನೀರಿನ ಕಡೆಯಿಂದ ಒಂದು. ಎಣ್ಣೆ ಬಾಯ್ಲರಿನಲ್ಲಿ ಹೆಚ್ಚು ಕೆಟ್ಟದ್ದು ಹೊಗೆಯ ಕಡೆಯದು. ಮೊದಲು ಅದನ್ನು ಹೇಳ್ತೀವಿ.

ಫರ್ನೇಸ್ ಆಯಿಲ್ ಅಂದರೆ ಏನು? ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಮಡ್ಡಿ. ಚಳಿಯಲ್ಲಿ ಜೋನಿ ಬೆಲ್ಲದ ಹಾಗೆ ಮಂದವಾಗಿ ನಿಲ್ಲುತ್ತದೆ, ಕಾಯಿಸದೆ ಉರಿಯುವುದಿಲ್ಲ. ನೆಲದಡಿಯ ತೈಲದಲ್ಲಿ ಹುಟ್ಟಿನಿಂದಲೇ ಗಂಧಕ ಇರುತ್ತದೆ. ಬಾಂಬೆ ಹೈ ತೈಲದಲ್ಲಿ ಕಡಿಮೆ, ಅರಬ್ ದೇಶಗಳ ತೈಲದಲ್ಲಿ ಬಹಳ. ಶುದ್ಧೀಕರಣ ಮಾಡುವಾಗ ಮೇಲಿನ ಎಣ್ಣೆಗಳಿಗೆ ಗಂಧಕ ಕಡಿಮೆ ಹೋಗುತ್ತದೆ, ತಳದ ಮಡ್ಡಿಯಲ್ಲಿ ಹೆಚ್ಚು ನಿಲ್ಲುತ್ತದೆ. ಫರ್ನೇಸ್ ಆಯಿಲ್‌ನಲ್ಲಿ ನೂರಕ್ಕೆ ಮೂರೂವರೆ, ನಾಲ್ಕು ಪಾಲಿನವರೆಗೂ ಗಂಧಕ ಇರಬಹುದು.

ಡೀಸೆಲ್ ಕಥೆ ಬೇರೆ. 1990ರ ದಶಕದ ಮೊದಲಲ್ಲಿ ನಮ್ಮ ಪಂಪ್‌ಸೆಟ್ಟಿಗೆ ಹಾಕುತ್ತಿದ್ದ ಡೀಸೆಲ್‌ನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಗಂಧಕ ಇರುತ್ತಿತ್ತು. ಆಗಿನ ಇಂಜಿನ್ನುಗಳ ಸೈಲೆನ್ಸರ್ ತೂತು ಬೀಳುತ್ತಿದ್ದುದಕ್ಕೆ ಅದೂ ಒಂದು ಕಾರಣ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಬಿ.ಎಸ್.-6 ಡೀಸೆಲ್ ಬಂತು. ಅದರಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲು ಮಾತ್ರ ಗಂಧಕ. ಹಳೆಯದರ ಸಾವಿರದಲ್ಲಿ ಒಂದು ಪಾಲು. ಹಾಗೆ ತೆಗೆದ ಗಂಧಕ ಎಲ್ಲಿ ಹೋಯಿತು ಅಂತೀರಾ? ಶುದ್ಧೀಕರಣ ಕಾರ್ಖಾನೆಯವರು ಅದನ್ನು ಬೇರೆ ಮಾಡಿ ಮಾರುತ್ತಾರೆ. ಗೊಬ್ಬರಕ್ಕೆ ಹೋಗುತ್ತದೆ, ಬೂದಿ ರೋಗಕ್ಕೆ ನಾವು ಹೊಡೆಯುವ ಗಂಧಕದ ಪುಡಿಗೂ ಹೋಗುತ್ತದೆ. ಅಂದರೆ ಡೀಸೆಲ್ ಶುದ್ಧವಾಯಿತು, ಮಡ್ಡಿ ಎಣ್ಣೆ ಮಾತ್ರ ಹಾಗೇ ಉಳಿಯಿತು.

ಈ ಗಂಧಕ ಉರಿದಾಗ ಮೂಗಿಗೆ ಘಾಟು ಹೊಡೆಯುವ ಒಂದು ಅನಿಲ ಆಗುತ್ತದೆ. ಪಟಾಕಿ ಹೊಡೆದಾಗ ಬರುವ ವಾಸನೆಯೇ ಅದು. ಗಂಧಕದ ಡೈಆಕ್ಸೈಡು ಅಂತಾರೆ. ಅಷ್ಟೇ ಆಗಿದ್ದರೆ ಬಾಯ್ಲರಿಗೆ ದೊಡ್ಡ ಕೇಡಿಲ್ಲ, ಚಿಮಣಿಯಲ್ಲಿ ಹೊರಟುಹೋಗುತ್ತಿತ್ತು. ಆದರೆ ಅದರಲ್ಲಿ ನೂರಕ್ಕೆ ಒಂದೆರಡು ಪಾಲು, ಕೆಲವು ಸಲ ಇನ್ನೂ ಹೆಚ್ಚು, ಬೆಂಕಿಯಲ್ಲಿ ಮಿಕ್ಕ ಗಾಳಿಯ ಜೊತೆ ಇನ್ನೊಮ್ಮೆ ಸೇರಿ ಟ್ರೈಆಕ್ಸೈಡು ಆಗುತ್ತದೆ. ಅದಕ್ಕೆ ಹೊಗೆಯಲ್ಲಿರುವ ನೀರಾವಿ ಸೇರಿದರೆ ಗಂಧಕಾಮ್ಲ. ಬ್ಯಾಟರಿಗೆ ಹಾಕುವ ಆಸಿಡ್ಡೇ ಅದು.

ಲೆಕ್ಕ ನೋಡಿ. 1000 ಕಿಲೋ ಎಣ್ಣೆ, ನೂರಕ್ಕೆ ಮೂರೂವರೆ ಪಾಲು ಗಂಧಕ. 35 ಕಿಲೋ ಗಂಧಕ ಆಯಿತು. ಉರಿದರೆ 70 ಕಿಲೋ ಡೈಆಕ್ಸೈಡು. ಅದರಲ್ಲಿ ನೂರಕ್ಕೆ ಎರಡು ಪಾಲು ಮುಂದಕ್ಕೆ ಹೋದರೂ ಎರಡು ಕಿಲೋ ಮೇಲ್ಪಟ್ಟು ಅಪ್ಪಟ ಗಂಧಕಾಮ್ಲ. ಎಲ್ಲವೂ ಕೊಳವೆಗೆ ಅಂಟುವುದಿಲ್ಲ, ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ಆದರೆ ಬ್ಯಾಟರಿ ಆಸಿಡ್ ಪಂಚೆಗೆ ಒಂದು ಹನಿ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ಈಗ ಮುಖ್ಯವಾದ ಮಾತು. ಈ ಆಮ್ಲ ಆವಿಯಾಗಿ ಇರುವಷ್ಟು ಹೊತ್ತು ಕಬ್ಬಿಣವನ್ನು ಅಷ್ಟಾಗಿ ತಿನ್ನುವುದಿಲ್ಲ. ಹನಿಯಾಗಿ ಕೂತರೆ ತಿನ್ನುತ್ತದೆ. ಬೇಸಿಗೆಯಲ್ಲಿ ತಂಬಿಗೆಗೆ ತಣ್ಣೀರು ತುಂಬಿಟ್ಟರೆ ಹೊರಮೈ ಬೆವರುತ್ತದಲ್ಲ, ಹಾಗೆ. ಬರೀ ನೀರಾವಿ ಆದರೆ ಹೊಗೆಯಲ್ಲಿ ಐವತ್ತು ಡಿಗ್ರಿ ಆಸುಪಾಸಿನ ತಣ್ಣನೆ ಲೋಹದ ಮೇಲೆ ಬೆವರುತ್ತದೆ. ಆಮ್ಲ ಬೆರೆತ ಆವಿ ಹಾಗಲ್ಲ, 130ರಿಂದ 150 ಡಿಗ್ರಿಯಷ್ಟು ಬಿಸಿ ಇರುವ ಲೋಹದ ಮೇಲೂ ಬೆವರುತ್ತದೆ! ಕೈ ಇಟ್ಟರೆ ಬೊಬ್ಬೆ ಬರುವ ಕಬ್ಬಿಣ ನಮಗೆ ಬಿಸಿ, ಆಮ್ಲಕ್ಕೆ ತಣ್ಣಗೆ. ಆ ಮಟ್ಟಕ್ಕಿಂತ 20–40 ಡಿಗ್ರಿ ಕೆಳಗೆ ಇಳಿದಾಗ ತಿನ್ನುವುದು ಇನ್ನೂ ಜೋರು. ಹಾಗಾಗಿ ಎಣ್ಣೆ ಬಾಯ್ಲರಿನಲ್ಲಿ ಬೆಂಕಿಯ ಹತ್ತಿರದ ಜಾಗ ಚೆನ್ನಾಗಿರುತ್ತದೆ, ತುದಿಯಲ್ಲಿ ತಣ್ಣಗಿರುವ ಜಾಗ ಹಾಳಾಗುತ್ತದೆ. ಹೊಗೆಯಿಂದ ನೀರು ಬಿಸಿಮಾಡುವ ಎಕನಾಮೈಸರ್, ಹಿಂದಿನ ಹೊಗೆಪೆಟ್ಟಿಗೆ, ಚಿಮಣಿಯ ಬುಡ ಇವೆಲ್ಲ ಆ ಜಾಗಗಳು.

ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಇನ್ನೊಂದು ರೋಗ ಇದೆ. ಈ ಎಣ್ಣೆಯಲ್ಲಿ ವನೇಡಿಯಂ ಅಂತ ಒಂದು ಲೋಹ ಸ್ವಲ್ಪ ಇರುತ್ತದೆ. ಅದರ ಬೂದಿ ಸೋಡಿಯಂ ಜೊತೆ ಸೇರಿ ಆರುನೂರು ಡಿಗ್ರಿ ಆಸುಪಾಸಿನಲ್ಲಿ ಕರಗಿ ಕೊಳವೆಗೆ ಅಂಟಿ ತಿನ್ನುತ್ತದೆ. ನಮ್ಮಂಥವರ ಸಣ್ಣ ಬಾಯ್ಲರಿನ ಕೊಳವೆ ಅಷ್ಟು ಬಿಸಿ ಆಗುವುದಿಲ್ಲ, ಅದನ್ನು ಬಿಟ್ಟುಬಿಡೋಣ.

ಮಾವ ಆ ಬಾಯ್ಲರಿನ ಹಿಂದಿನ ಬಾಗಿಲು ತೆಗೆಸಿದರು. ಮಾರುವವರಿಗೆ ಅಷ್ಟು ಇಷ್ಟ ಇರಲಿಲ್ಲ. ಒಳಗೆ ಮಸಿ, ಮಸಿಯ ಕೆಳಗೆ ಹಳದಿ ಬೆರೆತ ಬಿಳಿಯ ಪುಡಿ, ಅದನ್ನು ಕೆರೆದರೆ ಕಬ್ಬಿಣದಲ್ಲಿ ಸಿಡುಬಿನ ಕಲೆ ಹಾಗೆ ಗುಳಿಗಳು. ಒಂದು ಹಿಡಿ ಮಸಿ ಕಾಗದದಲ್ಲಿ ಕಟ್ಟಿಕೊಂಡರು, ಕಳಚಿ ಬಿದ್ದಿದ್ದ ಒಂದು ಹಳೆ ಕೊಳವೆ ತುಂಡನ್ನು ಕೇಳಿ ಇಸಕೊಂಡರು.

ಸಂಘದ ಕಚೇರಿಗೆ ಬಂದ ಮೇಲೆ ಒಂದು ಪರೀಕ್ಷೆ ಮಾಡಿ ತೋರಿಸಿದರು. ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವುದೇ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಆರತಿ ತಟ್ಟೆಯ ಓಕುಳಿ ಮಾಡುವುದು ಹಾಗೆ. ಹಾಗೆ ತೆಳ್ಳಗೆ ಒಂದು ಲೋಟ ಓಕುಳಿ ಮಾಡಿದರು. ಮಸಿಯನ್ನು ನೀರಿಗೆ ಹಾಕಿ ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಓಕುಳಿಗೆ ಹನಿಹನಿ ಬಿಟ್ಟರು. ಕೆಂಪು ಹೋಗಿ ಮತ್ತೆ ಹಳದಿ ಆಯಿತು. ಸುಣ್ಣವನ್ನು ಮುರಿಯುವಷ್ಟು ಆಮ್ಲ ಆ ಮಸಿಯಲ್ಲಿ ಇನ್ನೂ ಇತ್ತು, ಕಾರ್ಖಾನೆ ಮುಚ್ಚಿ ಅಷ್ಟು ದಿನ ಆದ ಮೇಲೂ! ಆಮೇಲೆ ನಮ್ಮ ಒಲೆಯ ಸೌದೆ ಬೂದಿಯನ್ನು ನೀರಿಗೆ ಕದಡಿ, ಆ ತಿಳಿಯನ್ನು ಬರೀ ಅರಿಶಿನದ ನೀರಿಗೆ ಬಿಟ್ಟರು. ಅದು ಕೆಂಪಾಯಿತು. ಸೌದೆಯ ಬೂದಿ ಕ್ಷಾರ, ಈ ಎಣ್ಣೆಯ ಮಸಿ ಆಮ್ಲ. ಇಪ್ಪತ್ತು ವರ್ಷ ಅರಿಶಿನ ಬೆಳೆದರೂ ಅದರಿಂದ ಬಾಯ್ಲರ್ ಪರೀಕ್ಷೆ ಮಾಡಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಫರ್ನೇಸ್ ಆಯಿಲ್ ಸುಡುವ ಬಾಯ್ಲರುಗಳೆಲ್ಲ ಹಾಳಾಗುತ್ತವೆಯೇ? ಇಲ್ಲ. ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ನಡೆಯುತ್ತವೆ. ನೋಡಿಕೊಳ್ಳುವುದು ಹೇಗೆ ಎಂಬುದನ್ನು ಮಾವ ಹೇಳಿದ ಹಾಗೆಯೇ ಹೇಳ್ತೀವಿ.

ಮೊದಲನೆಯದು ಕಬ್ಬಿಣವನ್ನು ಬಿಸಿಯಾಗಿ ಇಡುವುದು. ಕೊಳವೆಯ ಬಿಸಿ ಅದರ ಸುತ್ತ ಇರುವ ನೀರಿನ ಬಿಸಿಯಷ್ಟೇ, ಕೊಂಚ ಹೆಚ್ಚು. ನೀರಿನ ಬಿಸಿ ಹಬೆಯ ಒತ್ತಡದ ಮೇಲೆ ನಿಂತಿದೆ. ಒತ್ತಡದ ಮುಳ್ಳು 7 ಕಿಲೋ ತೋರಿಸಿದರೆ ಒಳಗಿನ ನೀರು 170 ಡಿಗ್ರಿ. ಆಮ್ಲ ಬೆವರುವ ಮಟ್ಟಕ್ಕಿಂತ ಮೇಲೆ, ಭಯ ಇಲ್ಲ. ಮುಳ್ಳು 2 ಕಿಲೋ ತೋರಿಸಿದರೆ 133 ಡಿಗ್ರಿ, 1 ಕಿಲೋಗೆ 120 ಡಿಗ್ರಿ. ಅಲ್ಲಿಗೆ ಕೊಳವೆ ಪೂರ್ತಿ ಆಮ್ಲದ ಬೆವರು. "ಕಮ್ಮಿ ಒತ್ತಡದಲ್ಲಿ ನಡೆಸಿದರೆ ಬಾಯ್ಲರಿಗೆ ಆಯಾಸ ಕಮ್ಮಿ" ಅಂತ ಬಹಳ ಜನ ತಿಳಿದಿದ್ದಾರೆ. ಸೌದೆ ಬಾಯ್ಲರಿಗೆ ಆ ಮಾತು ನಡೆಯಬಹುದು. ಗಂಧಕದ ಎಣ್ಣೆ ಸುಡುವ ಬಾಯ್ಲರಿಗೆ ಅದೇ ವಿಷ. ಕಡಿಮೆ ಒತ್ತಡದ ಹಬೆ ಬೇಕಾದರೆ ಬಾಯ್ಲರನ್ನು 7 ಕಿಲೋದಲ್ಲೇ ನಡೆಸಿ, ಹೊರಗೆ ಪೈಪಿನಲ್ಲಿ ವಾಲ್ವ್ ಇಟ್ಟು ಒತ್ತಡ ಇಳಿಸಬೇಕು.

ಬಾಯ್ಲರಿಗೆ ಊಡುವ ನೀರನ್ನೂ ಕಾಯಿಸಿಯೇ ಬಿಡಬೇಕು. ಬೋರ್‌ವೆಲ್ಲಿನ ತಣ್ಣೀರನ್ನು ನೇರ ನುಗ್ಗಿಸಿದರೆ ನೀರು ಬೀಳುವ ಜಾಗದ ಕೊಳವೆ ಅಷ್ಟು ಹೊತ್ತು ತಣ್ಣಗಾಗುತ್ತದೆ, ಅಲ್ಲೇ ಬೆವರುತ್ತದೆ. ಟ್ಯಾಂಕಿನಲ್ಲೇ 85–90 ಡಿಗ್ರಿಗೆ ಕಾಯಿಸಿದರೆ ಇನ್ನೊಂದು ಲಾಭ ಇದೆ, ಅದನ್ನು ನೀರಿನ ಮಾತು ಬಂದಾಗ ಹೇಳ್ತೀವಿ. ಎಕನಾಮೈಸರ್ ಇರುವ ದೊಡ್ಡ ಬಾಯ್ಲರುಗಳಲ್ಲಿ ನೀರು ಇನ್ನೂ ಬಿಸಿಯಾಗಿ ಒಳಗೆ ಹೋಗಬೇಕು. ಉರುವಲು ಉಳಿಸುತ್ತೀವಿ ಅಂತ ಹೊಗೆಯ ಶಾಖವನ್ನು ಕೊನೇ ಹನಿವರೆಗೂ ಹಿಂಡುವುದಕ್ಕೆ ಹೋಗಬಾರದು. ಚಿಮಣಿಗೆ ಹೋಗುವ ಹೊಗೆ 170–180 ಡಿಗ್ರಿಗಿಂತ ಕೆಳಗೆ ಇಳಿದರೆ ಚಿಮಣಿ ಒಳಗೆ ಬೆವರು ಶುರು. ಚಿಮಣಿಗೆ ಹೊರಗೆ ಗ್ಲಾಸ್ ವೂಲ್ ಸುತ್ತುವುದು ಅದಕ್ಕೇ.

ಎರಡನೆಯದು ಗಾಳಿ. ಉರಿಯುವುದಕ್ಕೆ ಬೇಕಾದ ಗಾಳಿಗಿಂತ ಬಹಳ ಹೆಚ್ಚು ಊದಿದರೆ ಟ್ರೈಆಕ್ಸೈಡು ಹೆಚ್ಚುತ್ತದೆ, ಶಾಖವೂ ಚಿಮಣಿ ಪಾಲು. ಕಡಿಮೆ ಊದಿದರೆ ಕರಿಹೊಗೆ, ಮಸಿ. ಮಸಿ ಕೊಳವೆಗೆ ಅಂಟಿ ಹತ್ತಿ ಹಾಗೆ ಆಮ್ಲವನ್ನು ಹೀರಿಕೊಂಡು ಕೂರುತ್ತದೆ. ಹದ ನಡುವೆ ಇದೆ. ಚಿಮಣಿ ತುದಿಯಲ್ಲಿ ಹೊಗೆ ಕಂಡೂ ಕಾಣದ ಹಾಗೆ ತೆಳ್ಳಗೆ ಕಂದು ಇರಬೇಕು ಅಂತ ಮಾವನ ಲೆಕ್ಕ. ಅಳೆಯುವ ಯಂತ್ರ ಇದ್ದರೆ ಹೊಗೆಯಲ್ಲಿ ಉಳಿದ ಆಮ್ಲಜನಕ ನೂರಕ್ಕೆ ಮೂರರ ಆಸುಪಾಸು ಇರಬೇಕು. ಬಾಗಿಲಿನ ಸಂದಿಯಲ್ಲಿ, ಮುರಿದ ಪ್ಯಾಕಿಂಗಿನಲ್ಲಿ ನುಗ್ಗುವ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಎಣ್ಣೆಯನ್ನು ನೂರು ಡಿಗ್ರಿ ಮೇಲೆ ಕಾಯಿಸಿ ಮಂಜಿನ ಹಾಗೆ ಸಿಂಪಡಿಸಬೇಕು. ನಾಝಲ್ ಕಟ್ಟಿದ್ದರೆ ನಮ್ಮ ಔಷಧಿ ಸ್ಪ್ರೇಯರ್ ಹಾಗೆ ದಪ್ಪ ದಪ್ಪ ಹನಿ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ.

ಇನ್ನು ಮೆಗ್ನೀಷಿಯಂ ಬೆರೆತ ಔಷಧಿಗಳು ಬರುತ್ತವೆ, ಎಣ್ಣೆಗೆ ಸೇರಿಸುವುದು. ಹುಳಿ ಮಣ್ಣಿಗೆ ನಾವು ಸುಣ್ಣ ಹಾಕುತ್ತೀವಲ್ಲ, ಹಾಗೆ ಆಮ್ಲವನ್ನು ಮುರಿಯುತ್ತದೆ. ಕೆಲಸ ಮಾಡುತ್ತದೆ, ಖರ್ಚೂ ಇದೆ. ಬಿಸಿ, ಗಾಳಿ, ಮಸಿ ಈ ಮೂರನ್ನು ಸರಿಮಾಡದೆ ಬರೀ ಔಷಧಿ ಸುರಿಯುವುದು ದಂಡ.

ಇವೆಲ್ಲಕ್ಕಿಂತ ಹೆಚ್ಚು ಬಾಯ್ಲರ್ ಕೆಡುವುದು ನಿಂತಾಗ. ಇದನ್ನು ಮಾವ ಒತ್ತಿ ಒತ್ತಿ ಹೇಳಿದರು. ಬೆಂಕಿ ಆರಿದ ಮೇಲೆ ಕಬ್ಬಿಣ ತಣ್ಣಗಾಗುತ್ತದೆ, ಮಸಿಯಲ್ಲಿರುವ ಆಮ್ಲ ಹೊರಗಿನ ತೇವವನ್ನು ಎಳೆದುಕೊಂಡು ಹರಡುತ್ತದೆ. ಹಾಗಾಗಿ ನಿಲ್ಲಿಸಿದ ಕೂಡಲೇ, ಬೆಚ್ಚಗಿರುವಾಗಲೇ, ಕೊಳವೆಗಳಿಗೆ ತಂತಿ ಬ್ರಷ್ ಹಾಕಿ ಮಸಿ ಪೂರ್ತಿ ತೆಗೆಯಬೇಕು. ತಿಂಗಳುಗಟ್ಟಲೆ ನಿಲ್ಲುವುದಾದರೆ ಬಟ್ಟೆ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ತೊಳೆಯಬೇಕು. ಬರೀ ನೀರು ಹಾಕಿ ಅರ್ಧಂಬರ್ಧ ತೊಳೆದರೆ ತೊಳೆಯದೇ ಇದ್ದದ್ದಕ್ಕಿಂತ ಕಡೆ, ಒಣಗಿದ್ದ ಆಮ್ಲವನ್ನು ನಾವೇ ಕಲಸಿ ಬಳಿದಂತೆ ಆಗುತ್ತದೆ. ಕೊನೆಗೆ ತೊಳೆದ ನೀರನ್ನು ಓಕುಳಿಗೆ ಬಿಟ್ಟು ನೋಡಿ, ಕೆಂಪು ಹಾಗೇ ನಿಂತರೆ ತೊಳೆದದ್ದು ಸಾಕು. ಆಮೇಲೆ ಸಣ್ಣ ಸೌದೆ ಬೆಂಕಿ ಹಾಕಿ ಒಣಗಿಸಿ, ಚಿಮಣಿ ಬಾಯಿಗೆ ಮಳೆ ಬೀಳದಂತೆ ಮುಚ್ಚಬೇಕು. ತೊಳೆಯುವವರು ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು. ಒಳಗೆ ಮನುಷ್ಯ ಇಳಿಯುವುದಾದರೆ ಗಾಳಿ ಆಡುವಂತೆ ಬಾಗಿಲುಗಳನ್ನು ತೆಗೆದಿಟ್ಟು, ಹೊರಗೆ ಒಬ್ಬರನ್ನು ನಿಲ್ಲಿಸಿಯೇ ಇಳಿಸಬೇಕು.

ನೀರಿನ ಕಡೆಯ ತುಕ್ಕು ಸೌದೆ ಬಾಯ್ಲರಿಗೂ ಉಂಟು, ಅದಕ್ಕೆ ಎಲ್ಲರೂ ಕೇಳಬೇಕು. ನೀರಿನಲ್ಲಿ ಕಾಣದ ಹಾಗೆ ಗಾಳಿ ಕರಗಿರುತ್ತದೆ. ತಣ್ಣನೆ ನೀರು ಒಂದು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡಿರುತ್ತದೆ. 90 ಡಿಗ್ರಿಗೆ ಕಾಯಿಸಿದರೆ ಎರಡು ಮಿಲಿಗ್ರಾಂಗೂ ಕಡಿಮೆ ಉಳಿಯುತ್ತದೆ. ಮೊದಲೇ ಕಾಯಿಸಿ ಬಿಡಬೇಕು ಅಂದದ್ದರ ಇನ್ನೊಂದು ಲಾಭ ಇದು. ಉಳಿದದ್ದಕ್ಕೆ ಸೋಡಿಯಂ ಸಲ್ಫೈಟ್ ಹಾಕುತ್ತಾರೆ. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಟುವುದು ಕೊಳವೆಗೂ ಕಟ್ಟುತ್ತದೆ. ಆ ಪದರ ಶಾಖವನ್ನು ತಡೆಯುತ್ತದೆ, ಕೊಳವೆ ಕಾದು ಉಬ್ಬುತ್ತದೆ. ಉಪ್ಪಿನಲ್ಲಿ ತೊಳೆಯುವ ಸಾಫ್ಟ್‌ನರ್ ಇಲ್ಲದೆ ನಮ್ಮ ನೀರಿಗೆ ಯಾವ ಬಾಯ್ಲರೂ ಬಾಳುವುದಿಲ್ಲ. ಬಾಯ್ಲರ್ ಬಹಳ ದಿನ ನಿಲ್ಲಿಸುವಾಗ ನೀರನ್ನು ಪೂರ್ತಿ ಇಳಿಸಿ ಒಣಗಿಸಿ, ಒಳಗೆ ತಟ್ಟೆಗಳಲ್ಲಿ ಸುಟ್ಟ ಸುಣ್ಣದ ಕಲ್ಲು ಇಟ್ಟು ಬಾಗಿಲು ಬಿಗಿಯುವುದು ಹಳೇ ಪದ್ಧತಿ. ಸುಣ್ಣ ತೇವ ಎಳೆದುಕೊಂಡು ಅರಳುತ್ತದೆ, ಅರಳಿದ ಮೇಲೆ ಬದಲಾಯಿಸಬೇಕು. ಅರ್ಧ ನೀರು ಬಿಟ್ಟು ಹಾಗೇ ನಿಲ್ಲಿಸಿದರೆ ನೀರು ನಿಂತ ಗೆರೆಯಲ್ಲೇ ಸುತ್ತಲೂ ಗುಳಿ ಬೀಳುತ್ತದೆ.

ಈಗ ಮಾರಾಟಕ್ಕಿರುವ ಬಾಯ್ಲರಿಗೆ ಬರೋಣ. ನಮ್ಮ ಕೆಲಸ ಹೇಗಿದೆ ನೋಡಿ. ಅರಿಶಿನ ಬೇಯಿಸುವುದು ವರ್ಷಕ್ಕೆ ಎರಡು ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಬಾಯ್ಲರ್ ನಿಂತಿರುತ್ತದೆ, ಅದರಲ್ಲಿ ಎರಡು ಮಳೆಗಾಲ ಬರುತ್ತವೆ. ಬೇಯಿಸುವ ದಿನಗಳಲ್ಲೂ ಬೆಳಿಗ್ಗೆ ಹಚ್ಚುವುದು, ಸಾಯಂಕಾಲ ಆರಿಸುವುದು. ದಿನಾ ಒಂದು ಸಲ ತಣ್ಣನೆ ಕಬ್ಬಿಣ ಆಮ್ಲದ ಬೆವರಿನಲ್ಲಿ ಮಿಂದು ಮೇಲೇಳಬೇಕು. ಅರಿಶಿನದ ಡ್ರಮ್ಮಿಗೆ ಬೇಕಾಗಿರುವುದು ಕಡಿಮೆ ಒತ್ತಡದ ಹಬೆ, ಮೈಮರೆತರೆ ಯಾರಾದರೂ 1–2 ಕಿಲೋದಲ್ಲೇ ನಡೆಸುತ್ತಾರೆ. ಹಗಲು ರಾತ್ರಿ ನಡೆಯುವ ಕಾರ್ಖಾನೆಗೆ ಹೊಂದುವ ಬಾಯ್ಲರ್ ಅದು. ಗಂಧಕದ ಎಣ್ಣೆಗೆ ಯಾವ ಯಾವ ರೀತಿ ನಡೆಸಬಾರದೋ ಅಷ್ಟೂ ರೀತಿ ನಮ್ಮ ಹತ್ತಿರವೇ ಇದೆ.

"ಪೇಂಟ್ ಹೊಡುದ್ರ ಸರಿ ಹೋಯ್ತದ" ಅಂದರು ಒಬ್ಬ ಸದಸ್ಯರು. ಹೊಗೆ ಹಾಯುವ ಕೊಳವೆ ಒಳಗೆ ಪೇಂಟು ನಿಲ್ಲುವುದಿಲ್ಲ. "ಕೊಳವೆ ಬದಲಾಯ್ಸಿದ್ರ?" ಅಂದರು ಇನ್ನೊಬ್ಬರು. ಇದು ಸರಿಯಾದ ಪ್ರಶ್ನೆ. ಕೊಳವೆ ಬದಲಾಯಿಸಬಹುದು. ಕೊಳವೆಗಳನ್ನು ಹಿಡಿದಿರುವ ತಟ್ಟೆಯೇ ತೆಳ್ಳಗಾಗಿದ್ದರೆ ಮಾತ್ರ ಕಷ್ಟ. 7 ಕಿಲೋ ಒತ್ತಡ ಅಂದರೆ ಒಂದು ಅಂಗೈ ಅಗಲದ ಜಾಗದ ಮೇಲೆ ಒಂದು ಜೊತೆ ಎತ್ತಿನ ಭಾರಕ್ಕೆ ಹತ್ತಿರ ಬರುತ್ತದೆ. ತೆಳ್ಳಗಾದ ಕಡೆ ಅದು ಹೊರಟರೆ ಒಳಗಿನ 170 ಡಿಗ್ರಿ ನೀರೆಲ್ಲ ಒಂದೇ ಸಲ ಹಬೆಯಾಗಿ ಸಿಡಿಯುತ್ತದೆ. ಅರಿಶಿನ ಬೇಯಿಸುವ ಕಣದಲ್ಲಿ ಯಾರು ಇರುತ್ತಾರೆ? ಗೆಡ್ಡೆ ತುಂಬುವ ಹೆಂಗಸರು, ರಜಾ ದಿನ ಆದರೆ ಮಕ್ಕಳು. ಬಾಡಿಗೆ ಕಡಿಮೆ ಅಂತ ಇದನ್ನು ತರಲಾಗುವುದಿಲ್ಲ.

ಕಾನೂನೂ ಇದೆ. 1923ರ ಬಾಯ್ಲರ್ ಕಾಯ್ದೆ ನೂರು ವರ್ಷ ನಡೆಯಿತು, ಈಗ ಅದರ ಜಾಗದಲ್ಲಿ 2025ರ ಕಾಯ್ದೆ ಬಂದಿದೆ. ಈ ಅಳತೆಯ ಬಾಯ್ಲರಿಗೆ ನೋಂದಣಿ ಬೇಕು, ಕಾಲಕಾಲಕ್ಕೆ ತಪಾಸಣೆ ಆಗಿ ಸರ್ಟಿಫಿಕೇಟ್ ಬೇಕು, ನಡೆಸುವುದಕ್ಕೆ ಪರೀಕ್ಷೆ ಪಾಸಾದ ಅಟೆಂಡೆಂಟ್ ಬೇಕು. ರಾಜ್ಯದಲ್ಲಿ ಇದನ್ನು ನೋಡುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಮಾರುವವರು ನೋಂದಣಿ ಪುಸ್ತಕ ತೋರಿಸುತ್ತೀವಿ ಅಂದಿದ್ದಾರೆ, ಇನ್ನೂ ತೋರಿಸಿಲ್ಲ.

ಎಣ್ಣೆಯ ಮಾತೂ ಹೇಳಿಬಿಡ್ತೀವಿ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನದ ಕಾರ್ಖಾನೆಗಳಲ್ಲಿ ಫರ್ನೇಸ್ ಆಯಿಲ್ ಸುಡಬಾರದು ಅಂತ ಆದೇಶ ಮಾಡಿತು. ಸಮುದ್ರದ ಹಡಗುಗಳಿಗೂ 2020ರ ಜನವರಿ 1ರಿಂದ ಎಣ್ಣೆಯ ಗಂಧಕವನ್ನು ನೂರಕ್ಕೆ ಮೂರೂವರೆಯಿಂದ ಅರ್ಧ ಪಾಲಿಗೆ ಇಳಿಸಿದ್ದಾರೆ. ಪ್ರಪಂಚ ಬಿಟ್ಟುಕೊಂಡು ಬರುತ್ತಿರುವ ಉರುವಲನ್ನು ನಾವು ಹೊಸದಾಗಿ ಹಿಡಿದುಕೊಳ್ಳುವುದು ಹೇಗೆ? ಆ ಚಿಮಣಿಯಿಂದ ಹಾರುವ ಆಮ್ಲದ ಮಸಿ ಹಿಪ್ಪುನೇರಳೆ ತೋಟದ ಮೇಲೆ ಬಿದ್ದರೆ ಆ ಸೊಪ್ಪನ್ನು ಹುಳಕ್ಕೆ ಹಾಕುವ ಧೈರ್ಯ ಯಾರಿಗಿದೆ?

ಇಲ್ಲೇ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕೆಲವರು ಆಲೆಮನೆಗೆ, ಅರಿಶಿನದ ಒಲೆಗೆ ಹಳೇ ಟೈರು ಹಾಕುತ್ತಾರೆ. ಟೈರಿನ ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಹಾಕಿ. ಟೈರು ಸುಟ್ಟರೆ ಮಡ್ಡಿ ಎಣ್ಣೆ ಸುಟ್ಟ ಹಾಗೆಯೇ ಆಮ್ಲ, ಅದರ ಮೇಲೆ ವಿಷದ ಹೊಗೆ ಬೇರೆ. ಕೊಪ್ಪರಿಗೆಯ ತಳವೂ ಹೋಯಿತು, ಉಸಿರೂ ಹೋಯಿತು. ಟೈರಿನಿಂದ ಇಳಿಸಿದ ಎಣ್ಣೆ ಅಂತ ಅಗ್ಗಕ್ಕೆ ಮಾರುವುದಕ್ಕೂ ಬರುತ್ತಾರೆ, ಅದರಲ್ಲೂ ಗಂಧಕ ಉಂಟು.

ನಮ್ಮ ಸೀಮೆಯಲ್ಲಿ ತೆಂಗಿನ ಗರಿ, ಮೊಟ್ಟೆ, ಹಿಪ್ಪುನೇರಳೆ ಕಡ್ಡಿ, ಮುಸುಕಿನ ಜೋಳದ ದಿಂಡು ಇದೆ. ಇವುಗಳಲ್ಲಿ ಗಂಧಕ ಬಹಳ ಕಡಿಮೆ. ಬಂಡೀಪುರದ ಕಾಡಿಗೆ ಕೈ ಹಾಕದೆ ಹೊಲದ ಕಸದಲ್ಲೇ ಹಬೆ ಎಬ್ಬಿಸಬಹುದು. ಅದರ ಬೂದಿಯೂ ತೇವ ಎಳೆಯುತ್ತದೆ. ಕೆಲಸ ಮುಗಿದ ದಿನವೇ ಬಳಿದು ತೆಗೆಯಬೇಕು. ಆ ಬೂದಿ ತಿಪ್ಪೆಗೆ ಆಗುತ್ತದೆ.

ಆಡಳಿತ ಮಂಡಳಿಯಲ್ಲಿ ನಾವು ಮಾತಾಡಿ ಬರೆದಿಟ್ಟಿರುವುದು ಇಷ್ಟು. ಎಣ್ಣೆ ಬಾಯ್ಲರ್ ಬೇಡ, ಹೊಲದ ಉರುವಲಿನ ಹೊಸ ಬಾಯ್ಲರಿಗೆ ಮೂರು ಕಡೆಯಿಂದ ದರಪಟ್ಟಿ ತರಿಸೋಣ ಎಂಬುದು ನಮ್ಮಲ್ಲಿ ಹೆಚ್ಚು ಜನರ ಅಭಿಪ್ರಾಯ. ಇಬ್ಬರು ನಿರ್ದೇಶಕರು ಒಪ್ಪಿಲ್ಲ, ಹಳೆಯದನ್ನೇ ಕೊಂಡು ಸೌದೆ ಒಲೆ ಕಟ್ಟಿಸೋಣ ಅಂತಾರೆ. ಅದಕ್ಕೂ ನಾವು ಬಾಗಿಲು ಮುಚ್ಚಿಲ್ಲ. ಆದರೆ ಹಾಗೆ ಕೊಳ್ಳುವುದಾದರೆ ನೋಂದಣಿ ಪುಸ್ತಕ ಮೊದಲು ಕೈಗೆ ಬರಬೇಕು. ತಟ್ಟೆ, ಕೊಳವೆ, ಹೊರಕವಚದ ದಪ್ಪವನ್ನು ಯಂತ್ರದಲ್ಲಿ ಅಳೆಸಬೇಕು. ಇಲಾಖೆಯವರ ಮುಂದೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಒಲೆ ಬದಲಾಯಿಸುವುದಕ್ಕೂ ಅವರ ಒಪ್ಪಿಗೆ ಬೇಕು. ಇವೆಲ್ಲ ಮಾರುವವರ ಖರ್ಚಿನಲ್ಲಿ ಆಗಬೇಕು, ಮುಂಗಡ ಒಂದು ರೂಪಾಯಿ ಕೊಡಬಾರದು.

ಮಹಾಸಭೆಯಲ್ಲಿ ಈ ವಿಷಯ ಮಂಡನೆಗೆ ಬರುತ್ತದೆ. ಅದಕ್ಕೆ ಮೊದಲು ಆ ಕೊಳವೆ ತುಂಡನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಉದ್ದಕ್ಕೆ ಸೀಳಿಸಿ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೀವಿ. ಒಂದು ತುದಿ ಹೊಸ ಕಾಸಿನ ದಪ್ಪಕ್ಕಿಂತ ಹೆಚ್ಚಿದೆ, ಇನ್ನೊಂದು ತುದಿಯಲ್ಲಿ ಬೆರಳು ಒತ್ತಿದರೆ ಪುಡಿ ಉದುರುತ್ತದೆ. ಕಚೇರಿ ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ.